ಡಿಕ್ಕಿಗೆ ಹಾಸಿದ ಮ್ಯಾಟು

ಆನೆಕೊಂಡದ ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುವುದು ನನಗೊಬ್ಬಳಿಗೇ. ಹಾಗಾಗಿ ಹರಿಹರದ ಹತ್ತಿರ ಸಾರಥಿ ಎಂಬ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿರುವ ನನ್ನ ಗಂಡನ ಚಿಕ್ಕಪ್ಪ ಗೊಬ್ಬರದ ಚೀಲ ಸಾಗಿಸಬೇಕಾದರೂ ನನಗೇ ಫೋನು ಮಾಡುತ್ತಿದ್ದರು. "ಡಿಕ್ಕಿ ಹಾಳಾಗ್ತೈತ್ರಿ ಮಾವ" ಎಂಬುದೊಂದೇ ನನ್ನ ನೆವ. ಕೆಲವೊಮ್ಮೆ ಅದು ನಡೆಯುತ್ತಿತ್ತು ಕೂಡ.

ಕಳೆದ ಮಳೆಗಾಲದಲ್ಲಿ ಡಿಕ್ಕಿಯೊಳಗಿನ ಕಾರ್ಪೆಟ್ಟು ಕೆಸರು ಕುಡಿದು ನಾರತೊಡಗಿತು. ದಾವಣಗೆರೆ ಪೇಟೆಯಲ್ಲಿ ಅಂಚು ಎತ್ತರವಿರುವ ದಪ್ಪ ರಬ್ಬರ್ ಮ್ಯಾಟು ಕೊಂಡು ಹಾಸಿದೆ. ಅಂದು ಏನೋ ಗೆದ್ದಂತೆ ಅನಿಸಿತ್ತು.

ಮುಂದಿನ ಭಾನುವಾರ ಊಟಕ್ಕೆಂದು ಸಾರಥಿಗೆ ಹೋದೆವು. ಉಂಡು ಹೊರಬಂದರೆ ಕಾರಿನ ಹಿಂದೆ ನೀರೆತ್ತುವ ಮೋಟರು ಕೂತಿತ್ತು, ಮೈತುಂಬ ಕೆಸರು. ಸುಟ್ಟುಹೋಗಿದೆ, ಹರಿಹರದಲ್ಲಿ ರಿಪೇರಿಗೆ ಕೊಡಬೇಕಂತೆ.

"ಬ್ಯಾಡ್ರಿ ಮಾವ, ಡಿಕ್ಕಿ..." ಎಂದೆ.

"ರಬ್ಬರ್ ಹಾಸೀಯಲ್ಲವ್ವ, ಇನ್ನೇನಾಕೈತಿ?" ಎಂದರು ಚಿಕ್ಕಪ್ಪ.

ಅಷ್ಟರಲ್ಲಿ ನನ್ನ ಗಂಡ ಡಿಕ್ಕಿ ತೆರೆದು ನಿಂತಿದ್ದ.

ಚಿಕ್ಕಪ್ಪನೂ ಜೊತೆಗೆ ಹತ್ತಿದರು. ಭಾರಕ್ಕೆ ಹಿಂಭಾಗ ಕುಗ್ಗಿದ ಕಾರನ್ನು ಗುಂಡಿಬಿದ್ದ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದೆ. ಅವರಿಬ್ಬರೂ ಬೆಳೆಯ ಮಾತಾಡುತ್ತಿದ್ದರು. ಇನ್ನು ಮುಂದೆ ಏನು ಹೇಳಿ ತಪ್ಪಿಸಿಕೊಳ್ಳಲಿ?

ಹರಿಹರದ ಅಂಗಡಿಯಲ್ಲಿ ಇಬ್ಬರು ಸೇರಿ ಮೋಟರು ಇಳಿಸಿದರು. ಮ್ಯಾಟಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಕೆಸರು ಅಂಚು ದಾಟಿರಲಿಲ್ಲ.

"ಗುರುವಾರ ಬಂದು ಒಯ್ರಿ" ಎಂದರು ಅಂಗಡಿಯವರು.

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಹೂಂ ಎಂದೆ.