ಎಷ್ಟೊತ್ತಮ್ಮ ತನ್ನ ಮನೆಯ ಬೆಲ್ ಒತ್ತಿದ್ದು

ನನ್ನ ಅತ್ತಿಗೆಗೆ ಬಡಾವಣೆಯವರು ಇಟ್ಟ ಹೆಸರು ಎಷ್ಟೊತ್ತಮ್ಮ. ನಗರ ಅಧ್ಯಯನ ಸಂಸ್ಥೆಯೊಂದರ ಪರವಾಗಿ ಮನೆ ಮನೆ ತಿರುಗಿ, ‘ಕೆಲಸಕ್ಕೆ ಹೋಗಲು ಎಷ್ಟು ಹೊತ್ತು ಬೇಕು?’ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಪ್ರಶ್ನೆಯನ್ನು ಇದ್ದ ಹಾಗೇ ಓದಬೇಕು, ಉತ್ತರವನ್ನು ಹೇಳಿದ ಹಾಗೇ ಬರೆಯಬೇಕು, ನಡುವೆ ಬಾಯಿ ಹಾಕಬಾರದು. ಬಾಯಿ ಹಾಕದೆ ಅವಳು ಏಳು ವರ್ಷ ಹೇಗೆ ನಿಭಾಯಿಸಿದಳೋ, ನನಗಂತೂ ಸೋಜಿಗ.

ಅಣ್ಣ ಬಣ್ಣದ ಕಾರ್ಖಾನೆಯ ಉಗ್ರಾಣದಲ್ಲಿದ್ದ. ನಮ್ಮ ಮನೆ ಊರಿನ ಈ ತುದಿ, ಕಾರ್ಖಾನೆ ಆ ತುದಿ. ಬಸ್ಸಿನಲ್ಲಿ ಒಂದೂವರೆ ಗಂಟೆ. ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಅತ್ತಿಗೆ ಒಂದು ಪುಟ್ಟ ಮನೆ ಹುಡುಕಿದ್ದಳು. ಭಾನುವಾರ ಸಂಜೆಯೊಳಗೆ ಒಪ್ಪಿಗೆ ಹೇಳದಿದ್ದರೆ ಅದು ಬೇರೆಯವರ ಪಾಲು. ಅಣ್ಣ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. “ನೋಡೋಣ” ಅಂದ, ಪೇಪರ್ ಬಿಡಿಸಿದ.

ಅಷ್ಟರಲ್ಲಿ ಮುಂದೆ ಯಾವ ಮನೆಗಳಲ್ಲಿ ಕೇಳಬೇಕೆಂದು ಸಂಸ್ಥೆಯವರು ಚೀಟಿ ಎತ್ತಿದಾಗ ನಮ್ಮ ಮನೆಯ ನಂಬರೇ ಬಂತು. ಬೇರೆ ಯಾರನ್ನಾದರೂ ಕಳಿಸಬೇಕಿತ್ತು, ಅತ್ತಿಗೆ ಬಿಟ್ಟಾಳೆಯೇ? ಭಾನುವಾರ ಬೆಳಿಗ್ಗೆ ಗುರುತಿನ ಕಾರ್ಡು ಕೊರಳಿಗೆ ಹಾಕಿಕೊಂಡು, ಹೊರಗೆ ಹೋಗಿ, ನಮ್ಮದೇ ಬೆಲ್ ಒತ್ತಿದಳು.

“ನಮಸ್ಕಾರ. ಪ್ರಯಾಣದಿಂದ ತಮಗೆ ಎಷ್ಟು ತೊಂದರೆ? ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ?”

“ಏನೇ ಇದು ನಾಟಕ?” ಅಂದ ಅಣ್ಣ.

“ಉತ್ತರ ಹೇಳಿ ಸಾರ್. ಇನ್ನೂ ಹತ್ತು ಮನೆ ಇದೆ.”

ಹೆಂಡತಿಗೆ ಹೇಳದವನು ಕಾರ್ಡಿಗೆ ಹೇಳಿಬಿಟ್ಟ. “ಇಲ್ಲವೇ ಇಲ್ಲ ಅಂತ ಬರ್ಕೊಳ್ಳಿ. ಕಿಟಕಿ ಪಕ್ಕ ಸೀಟು ಸಿಗುತ್ತೆ. ಅಷ್ಟು ಹೊತ್ತು ಯಾರೂ ನನ್ನ ಏನೂ ಕೇಳಲ್ಲ.”

ಅತ್ತಿಗೆಯ ಪೆನ್ನು ನಿಂತಿತು. ಆದರೂ ನಿಯಮ ನಿಯಮವೇ. ಹಲ್ಲು ಕಚ್ಚಿಕೊಂಡು ಅಕ್ಷರಕ್ಕೆ ಅಕ್ಷರ ಬರೆದಳು. ನನಗೆ ನಗು ಬಂತು, ಅವಳ ಮುಖ ನೋಡಿ ಸಂಕಟವೂ ಆಯಿತು.

ಫಾರಂಗೆ ಮನೆಯ ಇನ್ನೊಬ್ಬರ ಉತ್ತರವೂ ಬೇಕಿತ್ತು. ಅಣ್ಣ ಕಾರ್ಡನ್ನು ತನ್ನ ಕೊರಳಿಗೆ ಹಾಕಿಕೊಂಡು, ಅವಳನ್ನು ಒಳಗೆ ಕಳಿಸಿ, ಬೆಲ್ ಒತ್ತಿದ. “ಪ್ರಯಾಣದಿಂದ ತಮಗೆ ಎಷ್ಟು ತೊಂದರೆ?”

“ನನ್ನದರಿಂದ ಏನಿಲ್ಲ. ನಿಮ್ಮದರಿಂದ ತುಂಬಾ,” ಅಂದಳು ಅತ್ತಿಗೆ. “ದಿನಕ್ಕೆ ಮೂರು ಗಂಟೆ ನೀವು ನನಗೆ ಸಿಗಲ್ಲ. ಬರ್ಕೊಳ್ಳಿ.”

ಅದಕ್ಕೆ ಫಾರಂನಲ್ಲಿ ಜಾಗವೇ ಇರಲಿಲ್ಲ. ಅಣ್ಣ ಅಂಚಿನಲ್ಲಿ, ಹೇಳಿದ ಹಾಗೇ, ನಿಧಾನವಾಗಿ ಬರೆದ. ಆಮೇಲೆ ತಾನೇ ಫೋನ್ ತೆಗೆದು ಕಾರ್ಖಾನೆ ಹಿಂದಿನ ಆ ಪುಟ್ಟ ಮನೆಯವರಿಗೆ, “ನಾವು ಬರ್ತೀವಿ” ಅಂದ.

ಈಗ ಅವನು ಐದು ನಿಮಿಷ ನಡೆದರೆ ಕಾರ್ಖಾನೆ. ಭಾನುವಾರ ಮಾತ್ರ ಇಬ್ಬರೂ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿಬರುತ್ತಾರೆ, ಕಿಟಕಿ ಅವನಿಗೆ. ದಾರಿಯುದ್ದಕ್ಕೂ ತಾನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎನ್ನುತ್ತಾಳೆ ಅತ್ತಿಗೆ. ನಂಬುವವರು ನಂಬಲಿ.