ಆರತಿ ಎತ್ತಿದ ಮೇಲೆ

ಕಳೆದ ಸೋಮವಾರ ಮಧ್ಯಾಹ್ನ ಬಬಲೇಶ್ವರದಲ್ಲಿ ಹೆಂಗಸರಿಗೆ ಪುರಾಣ ಓದುತ್ತಿದ್ದೆ. ವೀರ ಯುದ್ಧಕ್ಕೆ ಹೊರಟಿದ್ದಾನೆ, ಅಕ್ಕ ಆರತಿ ಎತ್ತಿದ್ದಾಳೆ. ಅಲ್ಲಿಗೆ ಓದು ನಿಲ್ಲಿಸಿದೆ.

"ಯಾಕ ನಿಂತಿ ಬೇ? ಅವನ್ನ ರಣಕ್ಕರ ಕಳಸು!" ಎಂದಳು ಎದುರಿಗೆ ಕೂತಿದ್ದ ಮುದುಕಿ ಕಾಶವ್ವ. ಎಲ್ಲರೂ ನಕ್ಕರು.

ನನ್ನ ತಮ್ಮನನ್ನು ಕಳಿಸಿ ಆಗಿತ್ತಲ್ಲ, ಎರಡು ವರ್ಷದ ಹಿಂದೆಯೇ!

ನಾನು ಶಾಲೆ ಕಲಿತದ್ದು ಮೂರನೇ ಇಯತ್ತೆಯವರೆಗೆ. (ಈ ಕಾಲಂನ ಕಾಗುಣಿತ ಸಂಪಾದಕರ ಕೃಪೆ.) ಪುರಾಣ ಓದಲು ಅಷ್ಟು ಸಾಕು. ತಾಯಿಯಿಲ್ಲದ ತಮ್ಮ ಬಸಪ್ಪನನ್ನು ಅವೇ ಕಥೆ ಹೇಳಿ ಬೆಳೆಸಿದೆ. ಬೆನ್ನು ತೋರಿಸದವನೇ ವೀರ. ರಣದಲ್ಲಿ ಬಿದ್ದವನಿಗೇ ಸ್ವರ್ಗ. ಬೇರೆ ಏನು ಬರುತ್ತಿತ್ತು ನನಗೆ?

ಜರ್ಮನಿಯ ಯುದ್ಧ ಜೋರಾದಾಗ ಅವನು ಮಿಲಿಟರಿ ಸೇರಿದ. ರಜೆ ಮುಗಿಸಿ ತಿಕೋಟಾದ ನಮ್ಮ ಮನೆಯಿಂದ ಹೊರಟ ದಿನ, ಓಣಿಯವರೆಲ್ಲ ನೋಡುವಂತೆ ಆರತಿ ಎತ್ತಿ ಕುಂಕುಮ ಹಚ್ಚಿದೆ. ಒಂದು ತಾಸಿನಲ್ಲಿ ಮರಳಿ ಬಂದ! ತಲೆಯ ಮೇಲೆ ಟ್ರಂಕು. ವಿಜಾಪುರದ ಮೋಟಾರು ಹತ್ತಲೇ ಇಲ್ಲವಂತೆ.

"ಯಕ್ಕಾ, ನಾ ಹೋಗೂದಿಲ್ಲ ಬೇ. ಅಂಜಿಕಿ ಬರಾಕತ್ತೈತಿ."

ಬಾಗಿಲಿಗೆ ಅಡ್ಡ ನಿಂತೆ. "ಆರತಿ ಎತ್ತಿದ ಮ್ಯಾಲ ಹೊಳ್ಳಿ ಹೊಸ್ತಿಲಾ ದಾಟ್ತಾರೇನೋ? ಓಣಿ ಮಂದಿಗೆ ಹೆಂಗ ಮಾರಿ ತೋರಿಸಲಿ?"

ಅವನು ನಗಲು ನೋಡಿದ. "ಪುರಾಣದಾಗ ಯುದ್ಧಕ್ಕ ಹೊಂಟವರಿಗೆ ಒಬ್ಬರಿಗರ ಹೊಟ್ಟಿಬ್ಯಾನಿ ಬಂದಿದ್ದಿಲ್ಲೇನ ಬೇ?"

ನಾನು ನಗಲಿಲ್ಲ. ನೀರು ಕೇಳಿದ. ತಂಬಿಗೆಯನ್ನು ಹೊಸ್ತಿಲಿನಾಚೆ ಚಾಚಿದೆ. ಬಿಸಿಲಲ್ಲೇ ನಿಂತು ಕುಡಿದ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ನಡೆದುಬಿಟ್ಟ. (ಬೆನ್ನು ತೋರಿಸಬೇಡ ಎಂದು ಕಲಿಸಿದ ನಾನು ಕೊನೆಗೆ ಕಂಡದ್ದು ಅವನ ಬೆನ್ನನ್ನೇ.)

ಮಳೆಗಾಲಕ್ಕೆ ಮುಂಚೆ, ಅವನು ರಣದಲ್ಲಿ ಬಿದ್ದನೆಂದು ತಾರು ಬಂತು.

"ಪುಣ್ಯವಂತಿ ಬೇ ನೀ, ವೀರನ ಅಕ್ಕ!" ಎಂದಿತು ಓಣಿ. ನಾನು ತಲೆಯಾಡಿಸಿದೆ. ಅವನು ಹೆದರಿ ಮರಳಿದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅವನ ಮಾನ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಸುಳ್ಳು. ಉಳಿಸಿಕೊಂಡದ್ದು ನನ್ನ ಮಾನವನ್ನು.

ಸೋಮವಾರ ಮನೆಗೆ ಬಂದವಳೇ ಇದ್ದಬದ್ದ ಪುಸ್ತಕಗಳನ್ನೆಲ್ಲ ಇಳಿಸಿಕೊಂಡು ಕೂತೆ. ಹೆದರಿ ಬಂದ ತಮ್ಮನಿಗೆ ಬಾಗಿಲು ಬಿಟ್ಟ ಅಕ್ಕ ಒಬ್ಬಳಾದರೂ ಇದ್ದಾಳೆಯೇ ಎಂದು ಹುಡುಕಿದೆ. ನಾಲ್ಕು ದಿನ ಹುಡುಕಿದೆ. ಸಿಗಲಿಲ್ಲ. ಆಮೇಲೆ ಪುಸ್ತಕ ಮುಚ್ಚಿದೆ.

ಒಳಗೆ ಬಾ ಎನ್ನಲು ನನಗೆ ಯಾವ ಪುರಾಣ ಬೇಕಾಗಿತ್ತು?