ಮೆಟ್ಟಿಲ ಕೆಳಗಿನ ಮಂಗಳಕ್ಕ

ಮಂಗಳಕ್ಕ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ಒಂದಕ್ಷರವೂ ತೊದಲುತ್ತಿರಲಿಲ್ಲ. ಬೈಯುವುದಿದ್ದರೆ ಮಾತ್ರ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಅವರ ಕೈ ಬಾಯಿಯ ಕಡೆ ಹೋದರೆ ಸಾಕು, ಗಿರಾಕಿಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಚಿಕ್ಕಮಗಳೂರು ಪೇಟೆಯ ಒಂದು ಓಣಿಯಲ್ಲಿ, ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಲೇಡೀಸ್ ಟೈಲರ್ ಅಂಗಡಿ. ಮಹಡಿಯ ಮೇಲೆ ಆಪ್ತಸಮಾಲೋಚನೆ ಮಾಡುವ ಮೇಡಂ ಒಬ್ಬರ ಕೋಣೆ. ಅಲ್ಲಿಗೆ ಮೊದಲ ಸಲ ಬರುವವರನ್ನು ಮಂಗಳಕ್ಕ ದೂರದಿಂದಲೇ ಗುರುತಿಸುತ್ತಿದ್ದರು. "ಹೊಸಬ್ರು ಸೀದಾ ಮೆಟ್ಟಿಲು ಹತ್ತೋದಿಲ್ಲ. ನಿಂತ್ಕೊಂಡು ನನ್ನ ಬ್ಲೌಸ್ ಪೀಸ್ ನೋಡ್ತಾರೆ. ಗಂಡಸ್ರೂ ನೋಡ್ತಾರೆ!"

ನಾನೂ ನೋಡಿದವನೇ.

ಮಲ್ಲಂದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ನಾನು. ಮರಗಸಿಯ ಕಾಲದಲ್ಲಿ, ಅಂದರೆ ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವಾಗ, ಸೋಮ ಎಂಬ ಕೆಲಸಗಾರ ಮರದಿಂದ ಬಿದ್ದ. "ತೊಗಟೆ ಜಾರ್ತದೆ, ನಾಳೆ ಹತ್ತುವ" ಎಂದವನನ್ನು ಅವತ್ತೇ ಹತ್ತಿಸಿದವನು ನಾನು. ಅವನ ಸೊಂಟ ಮುರಿಯಿತು. ಪುಣ್ಯಕ್ಕೆ ಕೂಡಿಕೊಂಡಿತು ಕೂಡ. ಮುಂದಿನ ವರ್ಷ ಅವನು ಹೆಗಲಿಗೆ ಹಗ್ಗ ಹಾಕಿಕೊಂಡು ಮತ್ತೆ ಬಂದ. ತೋಟದೊಳಗೆ ಕಾಲಿಡಲಾರದವನಾದದ್ದು ನಾನು. ಎಲ್ಲೋ ಒಂದು ಕೊಂಬೆ ಲಟಕ್ಕೆಂದರೆ ಎದೆ ಹೊಡೆದುಕೊಂಡು, ಬೆವೆತು, ಕೂತಲ್ಲೇ ಕೂತುಬಿಡುತ್ತಿದ್ದೆ. ಎದೆಯ ಪರೀಕ್ಷೆಗಳಲ್ಲಿ ಏನೂ ಸಿಗದಾಗ ಡಾಕ್ಟರೇ ಈ ಮೇಡಂ ವಿಳಾಸ ಬರೆದುಕೊಟ್ಟಿದ್ದರು.

"ಮೇಲೆ ಹೋಗೋದಾ?" ಎಂದರು ಮಂಗಳಕ್ಕ.

"ಅಲ್ಲ, ಬಟ್ಟೆ ನೋಡ್ತಿದ್ದೆ."

"ಆ ಗುಲಾಬಿ ಬಣ್ಣ ನಿಮ್ಗೆ ಒಪ್ಪೋದಿಲ್ಲ ಮಾರಾಯ್ರೆ. ಬನ್ನಿ, ಕೂತ್ಕೊಳ್ಳಿ."

ಕೂತೆ. ಅವರು ಮೆಷಿನ್ನು ನಿಲ್ಲಿಸಲಿಲ್ಲ. "ಹೆದ್ರಬೇಡಿ. ನಾನೂ ಒಂದು ವರ್ಷ ಈ ಮೆಟ್ಟಿಲು ಹತ್ತಿದವ್ಳೇ."

"ಒಳಗೆ ಎಂತ ಮಾಡ್ತಾರೆ?"

"ಎಂತದೂ ಮಾಡೋದಿಲ್ಲ. ಎರಡು ಕುರ್ಚಿ ಇದೆ, ಕೂತು ಮಾತಾಡೋದು. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ಮಾತ್ರೆ ಬೇಕು ಅನ್ನಿಸಿದ್ರೆ ಮನೋವೈದ್ಯರ ಹತ್ರ ಕಳಿಸ್ತಾರೆ. ಕೇಳಿದ್ದಕ್ಕೆ ಆದಷ್ಟು ಹೇಳಿ. ಆಗದಿದ್ರೆ ಇವತ್ತು ಆಗೋದಿಲ್ಲ ಅನ್ನಿ. ನೀವೂ ಕೇಳಿ. ಎಂತ ಓದಿದ್ದೀರಿ, ಫೀಸು ಎಷ್ಟು, ಬರೋಕಾಗದಿದ್ರೆ ಯಾವಾಗ ತಿಳಿಸ್ಬೇಕು, ಎಲ್ಲ. ಒಂದು ಬ್ಲೌಸ್ ಕೊಡೋಕೆ ಜನ ನನ್ನ ಹತ್ರ ಇಪ್ಪತ್ತು ಪ್ರಶ್ನೆ ಕೇಳ್ತಾರೆ. ಮನಸ್ಸು ಕೊಡೋವಾಗ ಬಾಯಿ ಕಟ್ಟಿಹೋಗ್ತದೆ."

ನನ್ನ ಭಯ ಬೇರೆಯೇ ಇತ್ತು. "ನಮ್ಮ ಸಾಹುಕಾರ್ರಿಗೆ ಗೊತ್ತಾದ್ರೆ? ತಲೆ ಕೆಟ್ಟ ರೈಟರ್ ಯಾರಿಗೆ ಬೇಕು?"

"ಮೇಡಂ ಹೇಳೋದಿಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ರ ಜೀವಕ್ಕೋ ಅಪಾಯ ಅಂತಾದ್ರೆ ಮಾತ್ರ ಹೇಳ್ಬೇಕಾಗ್ತದಂತೆ. ಅದನ್ನೂ ಮೊದ್ಲ ದಿನವೇ ತಿಳಿಸ್ತಾರೆ." ಆಮೇಲೆ ಅವರ ಕೈ ಬಾಯಿಯ ಕಡೆ ಹೋಯಿತು. ಪಿನ್ನುಗಳನ್ನು ತೆಗೆದು, "ನಾನೂ ಹೇಳೋದಿಲ್ಲ" ಎಂದರು. ಅವರು ಬೈಯುವುದಕ್ಕಲ್ಲದೆ ಪಿನ್ನು ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂರನೇ ವಾರ ನಾನು ಬಿಟ್ಟೇ ಬಿಡುವವನಿದ್ದೆ. ಬುದ್ಧಿ ಹೇಳುತ್ತಾರೆ ಅಂದುಕೊಂಡರೆ ಮೇಡಂ ನನ್ನನ್ನೇ ಕೇಳುತ್ತಿದ್ದರು. ಮನೆಗೆ ಹೋದಮೇಲೆ ಸಂಕಟ ಇನ್ನೂ ಹೆಚ್ಚಾಗುತ್ತಿತ್ತು. ಇಳಿದು ಬಂದು ಮಂಗಳಕ್ಕನ ಹತ್ತಿರ ಗೊಣಗಿದೆ.

"ಹಳೇ ಹೊಲಿಗೆ ಬಿಚ್ಚಿದ ದಿನ ಬಟ್ಟೆ ನೋಡೋ ಹಾಗಿರ್ತದಾ?" ಎಂದರು. "ಈಗ ನನ್ನ ಹತ್ರ ಹೇಳಿದ್ದನ್ನ ಅವ್ರ ಹತ್ರ ಹೇಳಿ. ಬಿಗಿ ಆಯ್ತು ಅಂತ ಹೇಳದೆ ಓಡಿಹೋದ್ರೆ ಟೈಲರ್ ಎಂತ ಮಾಡ್ಬೇಕು? ಹೇಳಿಯೂ ಸರಿಯಾಗದಿದ್ರೆ ಬೇರೆಯವ್ರನ್ನ ನೋಡಿ. ಅದ್ರಲ್ಲಿ ಅವಮಾನ ಎಂತದೂ ಇಲ್ಲ."

ಮುಂದಿನ ವಾರ ಹೇಳಿದೆ. ಮೇಡಂ ಬೇಸರಪಡಲಿಲ್ಲ. "ಹೇಳಿದ್ದು ಒಳ್ಳೇದಾಯ್ತು, ನಿಧಾನ ಹೋಗೋಣ" ಎಂದರು. ಅವತ್ತೇ ನನ್ನ ಬಾಯಿಂದ "ಅವನು ಬೇಡ ಅಂದಿದ್ದ, ನಾನೇ ಹತ್ತಿಸಿದೆ" ಎಂಬ ಮಾತು ಬಂತು. ಹೆಂಡತಿಗೂ ಹೇಳಿರಲಿಲ್ಲ ಅದನ್ನು. ಅತ್ತುಬಿಟ್ಟೆ. ಇಳಿದು ಬರುವಾಗ ಕಾಲು ಹಗುರವಾಗಿತ್ತು.

ಆದರೆ ಕೆಳಗೆ, ಅಂಗಡಿಯ ಎದುರಿಗೇ, ನಮ್ಮ ಸಾಹುಕಾರರ ಜೀಪು ನಿಂತಿತ್ತು. "ಎಂತ ರೈಟ್ರೆ, ಇಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಮಂಗಳಕ್ಕ ಟೇಪು ಎಳೆದುಕೊಂಡು ಹೊರಗೆ ಬಂದರು. "ಪ್ಯಾಂಟಿನ ಅಳತೆ ಕೊಡೋಕೆ ಬಂದಿದ್ದಾರೆ. ಕೈ ಎತ್ತಿ ರೈಟ್ರೆ."

ಎತ್ತಿದೆ. ಸೊಂಟ, ತೊಡೆ, ಉದ್ದ ಎಲ್ಲ ಅಳೆದು ಬರೆದುಕೊಂಡರು. ಸಾಹುಕಾರರು ನೋಡಿಕೊಂಡು ಹೊರಟುಹೋದರು. ಉಸಿರು ಬಿಟ್ಟು ನಾನು ಥ್ಯಾಂಕ್ಸ್ ಎಂದರೆ ಅವರು, "ಮುಂದಿನ ವಾರ ಬಟ್ಟೆ ತನ್ನಿ. ನನ್ನ ಮಾತು ಸುಳ್ಳಾಗಬಾರ್ದು" ಎಂದರು. ಜೀವಮಾನದಲ್ಲಿ ಪ್ಯಾಂಟು ಹೊಲಿದವರಲ್ಲ ಅವರು. ಎಡಗಾಲು ಒಂದಿಂಚು ಗಿಡ್ಡವಾಯಿತು. ಎರಡು ವರ್ಷ ಅದನ್ನೇ ಹಾಕಿಕೊಂಡು ತೋಟ ಸುತ್ತಿದೆ.

ಹೌದು, ತೋಟ ಸುತ್ತಿದೆ. ಮೊದಲು ಗೇಟಿನ ತನಕ, ಆಮೇಲೆ ಕಣದ ತನಕ, ಆಮೇಲೆ ಮರದ ಬುಡಕ್ಕೆ. ಸೋಮನನ್ನು ಕೂರಿಸಿಕೊಂಡು ತಪ್ಪಾಯಿತು ಎಂದೆ. ಅವನು ಎಲೆಯಡಿಕೆ ಜಗಿಯುತ್ತ, "ಇಷ್ಟು ದಿನ ಅದ್ಕೇನಾ ನೀವು ಮುಖ ತಪ್ಪಿಸಿದ್ದು? ನನ್ ಮೇಲೆ ಸಿಟ್ಟು ಅಂದ್ಕೊಂಡಿದ್ದೆ" ಎಂದ. ಇಬ್ಬರೂ ನಕ್ಕೆವು. ಕೊನೆಗೆ ಸಾಹುಕಾರರಿಗೂ ಎಲ್ಲವನ್ನೂ, ಮೆಟ್ಟಿಲು ಹತ್ತಿದ್ದನ್ನೂ, ನಾನೇ ಹೇಳಿದೆ. ಅವರು, "ಜಾರೋ ದಿನ ಯಾರನ್ನೂ ಹತ್ತಿಸ್ಬೇಡಿ" ಎಂದರು, ಅಷ್ಟೆ.

ಹೋದ ಬೇಸಿಗೆಯಲ್ಲಿ ಮಂಗಳಕ್ಕ ಅಂಗಡಿ ಖಾಲಿ ಮಾಡಿ ಕಳಸದಲ್ಲಿರುವ ತಂಗಿಯ ಜೊತೆ ಇರಲು ಹೊರಟರು. ಮೆಷಿನ್ನನ್ನು ಪಿಕಪ್ಪಿಗೆ ಏರಿಸಲು ನಾನೂ ಕೈ ಜೋಡಿಸಿದೆ. ಅವರು ಡ್ರೈವರ್ ಪಕ್ಕ ಕೂತ ಮೇಲೆ, ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅಕ್ಕ, ನೀವು ಯಾಕೆ ಹತ್ತಿದ್ರಿ ಆ ಮೆಟ್ಟಿಲು?"

ಅವರು ಬಾಯಿ ತುಂಬ ನಕ್ಕರು. "ಅದನ್ನ ಹೇಳ್ಬೇಕಾದವ್ರಿಗೆ ಹೇಳಿ ಆಯ್ತು ಮಾರಾಯ್ರೆ. ಇನ್ನು ಹೇಳೋಕೆ ಎಂತದೂ ಉಳಿದಿಲ್ಲ."

ಪಿಕಪ್ಪು ಓಣಿ ದಾಟಿ ತಿರುಗಿತು. ನನಗೆ ಬೇಜಾರಾಗಲಿಲ್ಲ. ಹೇಳಿ ಮುಗಿಸಿದವರ ಮುಖ ಹೇಗಿರುತ್ತದೆ ಎಂದು ನೋಡಿದ್ದಾಗಿತ್ತು.